ಕಣ್ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರಕೋಶದ ದ್ವಾರ: ಅದರ ಅಳತೆಯ ಚರಿತ್ರೆ

ಕಣ್ಪೊರೆಯ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮಸೂರದ ಚರಿತ್ರೆಯನ್ನೇ ಬರೆದಿದ್ದಾರೆ. ಮಬ್ಬಾದ ಮಸೂರವನ್ನು ಮೊದಲು ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ಅನಂತರ ಹೊರಕ್ಕೆ ತೆಗೆದರು. ಕಡೆಗೆ ಅದರ ಸ್ಥಾನದಲ್ಲಿ ಕೃತಕ ಮಸೂರವನ್ನಿರಿಸಿದರು. ಹೀಗೆ ಮೂರು ಘಟ್ಟಗಳಲ್ಲಿ ಕಥೆ ಮುಗಿಯುತ್ತದೆ. ಮಸೂರವನ್ನು ಸುತ್ತುವರಿದ ತೆಳ್ಳನೆಯ ಕೋಶಕ್ಕೂ, ಆ ಕೋಶದಲ್ಲಿ ಶಸ್ತ್ರವೈದ್ಯನು ಮಾಡುವ ದ್ವಾರಕ್ಕೂ ಈ ಕಥೆಯಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಾನ ದೊರೆತಿಲ್ಲ. ಆದರೆ ಇಂದು ಚಿಕಿತ್ಸೆಯ ಫಲವು, ಅದರಲ್ಲಿಯೂ ರೋಗಿಯು ಮನೆಗೆ ಹಿಂದಿರುಗಿದ ಎರಡು ಮೂರು ವರ್ಷಗಳ ಮೇಲಿನ ಫಲವು, ಬಹಳಮಟ್ಟಿಗೆ ಆ ದ್ವಾರವನ್ನೇ ಅವಲಂಬಿಸಿರುತ್ತದೆ. ಅದರ ಅಳತೆ ಎಂದಿನಿಂದ ಗಣ್ಯವಾಯಿತು, ಏಕೆ ಗಣ್ಯವಾಯಿತು ಎಂಬುದೇ ಪ್ರಕೃತ ಪ್ರಬಂಧದ ವಿಷಯ.

ವಿಚಾರವು ಗಾಳಿಯಲ್ಲಿ ತೇಲದಿರಲೆಂದು ನಾವು ಕಾಪುವನ್ನು ಕಣ್ಣೆದುರಿಗಿಟ್ಟುಕೊಂಡಿದ್ದೇವೆ. ಇದಕ್ಕೆ ಕಾರಣವಿಲ್ಲದಿಲ್ಲ. 1956ರ ನವೆಂಬರಿನವರೆಗೆ ಕಾಪು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಊರು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ಉಡುಪಿ ಜಿಲ್ಲೆಯ ಪಾಲಾಗಿ, 2018ರಲ್ಲಿ ತಾನೇ ತಾಲ್ಲೂಕಾಯಿತು. ಅಲ್ಲಿಯ ಕಡಲ ಬಂಡೆಯ ಮೇಲಿನ ದೀಪಸ್ತಂಭವು 1901ರಲ್ಲಿ ಕಟ್ಟಿದ್ದು. ಆ ದೀಪ ಹತ್ತಿದಂದಿನಿಂದ ಇಂದಿನವರೆಗಿನ ಅವಧಿಯಲ್ಲಿ, ಕಣ್ಪೊರೆ ಬೆಳೆದ ಒಬ್ಬ ವೃದ್ಧನಿಗೆ ಈ ನಾಡಿನಲ್ಲಿ ದೊರೆಯಬಹುದಾಗಿದ್ದ ಚಿಕಿತ್ಸೆಯು ನಾಲ್ಕು ಬಾರಿ ಸಂಪೂರ್ಣವಾಗಿ ಬದಲಾಗಿದೆ. ಒಂದೊಂದು ಬದಲಾವಣೆಯಲ್ಲಿಯೂ ಮಸೂರಕೋಶದ ಗತಿ ಬೇರೆಯಾಗಿದೆ.

ಮೊದಲು ಹೆಸರನ್ನು ನೋಡೋಣ. ಹಾವು ಬಿಡುವುದು ಪೊರೆ; ಹಾಲಿನ ಮೇಲೆ ಕಟ್ಟುವುದು ಕೆನೆಯಾದರೂ ಅದನ್ನೂ ಪೊರೆಯೆನ್ನಬಹುದು. ಕಣ್ಣಿನ ಮೇಲೆ ಅಂಥದೇ ಒಂದು ತೆರೆ ಕಟ್ಟಿದೆಯೆಂದು ತಿಳಿದು ನಮ್ಮ ಜನರು ರೋಗಕ್ಕೆ ಈ ಹೆಸರಿಟ್ಟರು. ಯೂರೋಪಿನವರು ಮೇಲಿನಿಂದ ಇಳಿದುಬರುವ ನೀರೆಂದು ಭಾವಿಸಿ ಜಲಪಾತವೆಂಬ ಅರ್ಥದ ಕ್ಯಾಟರಾಕ್ಟ್ ಎಂಬ ಶಬ್ದವನ್ನು ಬಳಸಿದರು. ಎರಡೂ ನಿಜವಲ್ಲ. ಮಬ್ಬಾಗಿರುವುದು ಮಸೂರವೇ ಎಂಬುದನ್ನು 1705ರಲ್ಲಿ ಫ್ರಾನ್ಸಿನ ಮಿಶೆಲ್ ಬ್ರಿಸೋ ಎಂಬವನು ಒಬ್ಬ ಸಿಪಾಯಿಯ ಶವದ ಕಣ್ಣನ್ನು ಸೀಳಿ ತೋರಿಸಿದನು. ಆದರೂ ಕನ್ನಡದ ಹೆಸರಿನಲ್ಲಿ ಒಂದು ವಿನೋದವಿದೆ. ರೋಗವು ಪೊರೆಯಲ್ಲಿಲ್ಲ, ಆದರೆ ಅಲ್ಲಿ ಒಂದು ಪೊರೆ ಇರುವುದೇನೋ ನಿಜ, ಮತ್ತು ಇಂದಿನ ವೈದ್ಯನು ಕೈಯಿಂದ ಹರಿಯುವುದು ಅದನ್ನೇ.

ಆ ಪೊರೆಯೇ ಮಸೂರಕೋಶ. ವಯಸ್ಕರ ಮಸೂರದ ಅಡ್ಡಳತೆ 9ರಿಂದ 10 ಮಿಲಿಮೀಟರು. ಅದನ್ನು ಎಲ್ಲ ಕಡೆಯಿಂದಲೂ ಮುಚ್ಚಿರುವ ಕೋಶವು ಮುಂಭಾಗದಲ್ಲಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ಹದಿನಾಲ್ಕು ಭಾಗದಷ್ಟು ದಪ್ಪವಿದ್ದು, ಹಿಂಭಾಗದ ನಡುವೆ ನಾಲ್ಕು ಭಾಗಕ್ಕೆ ಇಳಿಯುತ್ತದೆ. ಅಂಚಿನ ಸುತ್ತಲೂ ಕೂದಲೆಳೆಗಿಂತ ಸೂಕ್ಷ್ಮವಾದ ತಂತುಗಳು ಅದನ್ನು ಕಣ್ಣಿನ ಗೋಡೆಗೆ ಬಿಗಿದು ತೂಗುಹಾಕಿವೆ. ಮುಂಗೋಶದ ಒಳಮೈಗೆ ಜೀವಕಣಗಳ ಒಂದು ಪದರವು ಅಂಟಿಕೊಂಡಿದೆ. ಈ ಕಣಗಳನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬಹಳ ತೊಂದರೆಯನ್ನು ಕೊಡುವವು ಇವೇ. ದ್ವಾರದ ಅಳತೆಯ ವಿಷಯದಲ್ಲಿ ಇನ್ನೊಂದು ಸಣ್ಣ ಲೆಕ್ಕವೂ ಬೇಕು. ನಾಲ್ಕು ಮಿಲಿಮೀಟರು ವ್ಯಾಸದ ವೃತ್ತದ ಕ್ಷೇತ್ರಫಲ 12.6 ಚದರ ಮಿಲಿಮೀಟರು, ಐದರದು 19.6, ಆರರದು 28.3. ಐದರಿಂದ ಆರಕ್ಕೆ ಹೋಗುವುದೆಂದರೆ ತೆರವು ಹೆಚ್ಚುಕಡಿಮೆ ಒಂದೂವರೆಯಷ್ಟಾಗುವುದೆಂದು ಅರ್ಥ. ಒಂದು ಮಿಲಿಮೀಟರು ಎಂಬುದು ಇಲ್ಲಿ ಅಲ್ಪವಲ್ಲ.

ಸುಶ್ರುತ ಸಂಹಿತೆಯ ಉತ್ತರತಂತ್ರದ ಹದಿನೇಳನೆಯ ಅಧ್ಯಾಯದಲ್ಲಿ ಲಿಂಗನಾಶಕ್ಕೆ ಹೇಳಿರುವ ಶಸ್ತ್ರಕರ್ಮವು ಪ್ರಸಿದ್ಧವಾದುದು. ರೋಗಿಯು ತನ್ನ ಮೂಗಿನ ಕಡೆಗೆ ದೃಷ್ಟಿಯನ್ನು ನೆಟ್ಟು ಕುಳಿತಿರಬೇಕು. ವೈದ್ಯನು ಎಡಗಣ್ಣಿಗೆ ಬಲಗೈಯನ್ನೂ ಬಲಗಣ್ಣಿಗೆ ಎಡಗೈಯನ್ನೂ ಬಳಸಿ, ಜವೆಗೋಧಿಯ ಮೊನೆಯಂಥ ತುದಿಯುಳ್ಳ ಯವವಕ್ತ್ರ ಶಲಾಕೆಯಿಂದ ಕಪ್ಪಿನ ಹೊರಗಡೆ ಬಿಳಿಯ ಭಾಗದಲ್ಲಿ ಚುಚ್ಚಬೇಕು. ಆಮೇಲೆ ರೋಗಿಯು ಇನ್ನೊಂದು ಹೊಳ್ಳೆಯನ್ನು ಮುಚ್ಚಿ ಸೀನುವಂತೆ ಉಸಿರೆಳೆದು ಕಫವನ್ನು ಹೊರಗೆಡಹಬೇಕು. ಈ ಕಡೆಯ ಮಾತನ್ನು ಹಿಡಿದು, ಸುಶ್ರುತನು ಕೋಶವನ್ನು ಒಡೆದು ಮಸೂರದ ತಿರುಳನ್ನು ಹೊರಕ್ಕೆ ತೆಗೆಯುತ್ತಿದ್ದನೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ನಮಗೆ ಈ ವಾದವು ಒಪ್ಪಿಗೆಯಾಗಿಲ್ಲ. ಶಲಾಕೆಯ ಮೊನೆಯು ತಾಗಿ ಕೆಲವು ಕಣ್ಣುಗಳಲ್ಲಿ ಕೋಶವು ಹರಿದಿರಬಹುದು, ಮೆತ್ತನೆಯ ಪೊರೆ ಹೊರಬಂದೂ ಇರಬಹುದು. ಆದರೆ ಕೋಶವೆಂಬ ಬೇರೊಂದು ಅಂಗವನ್ನು ಗ್ರಂಥಕಾರನು ಗುರುತಿಸಿಲ್ಲ. ಗುರುತಿಸದ ಅಂಗದಲ್ಲಿ ದ್ವಾರಮಾಡುವ ಸಂಕಲ್ಪವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ದೃಷ್ಟಿಯ ದಾರಿಯಿಂದ ಅಡ್ಡಿಯನ್ನು ಪಕ್ಕಕ್ಕೆ ಸರಿಸುವುದಷ್ಟೇ ಅವನ ಉದ್ದೇಶವಾಗಿತ್ತು.

ಈ ಪದ್ಧತಿಯು ಹಳ್ಳಿಹಳ್ಳಿಗೆ ತಿರುಗುವ ಕಣ್ಣುವೈದ್ಯರ ಕೈಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯು 1819ರಲ್ಲಿ ಸ್ಥಾಪಿತವಾದುದು. ಅದರ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬವನು ಇಂಥ ವೈದ್ಯರ ಕೈಯಿಂದ ಕೆಟ್ಟು ಬಂದ ಕಣ್ಣುಗಳನ್ನು ಕೂಡಿಸಿ ಪರೀಕ್ಷಿಸಿ, 1917ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಉಪನ್ಯಾಸಗಳನ್ನು ಮಾಡಿದನು. ಅವು ಪುಸ್ತಕವಾಗಿಯೂ ಬಂದವು. ಕಾಪುವೂ ಅಂದು ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದಿತು. ಆದರೆ ಮದರಾಸಿಗೆ ಹೋಗುವುದೆಂದರೆ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಹೋಗುವುದಾಗಿತ್ತು. ಮಂಗಳೂರಿಗೇ ಹೊಳೆಗಳನ್ನು ದಾಟಿ ಹೋಗಬೇಕಿದ್ದ ಕಾಲದಲ್ಲಿ ಮನೆಯ ಜಗಲಿಗೇ ಬರುವ ವೈದ್ಯನ ಸೂಜಿಯನ್ನು ಜನರು ನಂಬಿದರೆ ಅವರನ್ನು ಹಳಿಯುವಂತಿಲ್ಲ. ಸೂಜಿ ಹಾಕಿದ ಮರುಕ್ಷಣದಲ್ಲಿಯೇ ಬೆರಳುಗಳು ಕಾಣುತ್ತಿದ್ದವು. ಕಣ್ಣು ಕೆಡುತ್ತಿದ್ದುದು ವೈದ್ಯನು ಮುಂದಿನ ಊರಿಗೆ ಹೋದ ಮೇಲೆ.

ಯೂರೋಪಿನಲ್ಲಿ 1747ರಲ್ಲಿ ಜಾಕ್ ದಾವಿಯೆಲ್ ಎಂಬ ಫ್ರೆಂಚ್ ವೈದ್ಯನು ಕಾರ್ನಿಯಾದ ಅಂಚನ್ನು ಸೀಳಿ, ಕೋಶವನ್ನು ಸೂಜಿಯಿಂದ ಹರಿದು, ಮಸೂರವನ್ನು ಹೊರಕ್ಕೆ ತೆಗೆದನು. ಕೋಶದಲ್ಲಿ ಉದ್ದೇಶಪೂರ್ವಕವಾಗಿ ಮಾಡಿದ ದ್ವಾರದ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ ಎನ್ನಬಹುದು. ಆದರೆ ಅಳತೆಯ ಚರಿತ್ರೆ ಮೊದಲಾಗುವುದಿಲ್ಲ. ತಿರುಳು ಹೊರಬಂದರೆ ದ್ವಾರದ ಕೆಲಸ ಮುಗಿಯಿತು; ಅದು ದುಂಡಾಗಿದ್ದರೇನು, ಚಿಂದಿಯಾಗಿದ್ದರೇನು? ಉಳಿದ ಕೋಶವಾದರೋ ವೈದ್ಯರಿಗೆ ಕಂಟಕವೇ ಆಗಿತ್ತು. ತೆಗೆಯದೆ ಬಿಟ್ಟ ಮೃದುಭಾಗಗಳು ಉಬ್ಬಿ ಉರಿಯೂತವನ್ನುಂಟುಮಾಡುತ್ತಿದ್ದವು. ಹಿಂಗೋಶವು ಕೆಲವು ತಿಂಗಳುಗಳಲ್ಲಿ ಮತ್ತೆ ಮಬ್ಬಾಗುತ್ತಿತ್ತು. ಹಾಗಾದರೆ ಕೋಶವನ್ನು ಒಡೆಯುವುದೇ ಬೇಡ, ಮಸೂರವನ್ನು ಚೀಲಸಮೇತ ತೆಗೆದುಬಿಡೋಣ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ಪಂಜಾಬಿನ ಜಲಂಧರದಲ್ಲಿದ್ದ ಹೆನ್ರಿ ಸ್ಮಿತ್. ಅವನ ಕ್ರಮಕ್ಕೆ ಪಾಶ್ಚಾತ್ಯರು ‘ಭಾರತೀಯ ಶಸ್ತ್ರಕ್ರಿಯೆ’ ಎಂದೇ ಹೆಸರಿಟ್ಟರು. 1958ರ ಸುಮಾರಿಗೆ ಸ್ಪೇನಿನ ಬಾರಾಕೇರ್ ತಂತುಗಳನ್ನು ಕರಗಿಸುವ ಔಷಧವನ್ನೂ, 1961ರಲ್ಲಿ ಪೋಲೆಂಡಿನ ಕ್ರವಾವಿಚ್ ಮಸೂರವನ್ನು ಶೈತ್ಯದಿಂದ ಹಿಡಿದೆಳೆಯುವ ಸಲಾಕೆಯನ್ನೂ ಬಳಕೆಗೆ ತಂದ ಮೇಲೆ ಈ ಪದ್ಧತಿಗೆ ಎದುರಿಲ್ಲದಂತಾಯಿತು.

ನಮ್ಮ ನಾಡಿನ ನೇತ್ರಶಿಬಿರಗಳು ವ್ಯಾಪಿಸಿದ್ದು ಈ ಕಾಲದಲ್ಲಿ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 1943ರಿಂದ ಸಾಮೂಹಿಕ ಶಸ್ತ್ರಚಿಕಿತ್ಸೆಯನ್ನು ಕೈಗೊಂಡು ಊರೂರಿಗೆ ಹೋದರು. ಒಂದೇ ದಿನದಲ್ಲಿ ಅವರು 833 ಕಣ್ಪೊರೆಗಳನ್ನು ತೆಗೆದುದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಸೇರಿದೆ. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ದೊರೆತವು. ಇತ್ತ 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದರಿಂದ, ಕಾಪುವಿನಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದಷ್ಟು ಸಮೀಪದಲ್ಲಿ ಆಧುನಿಕ ವೈದ್ಯಶಿಕ್ಷಣದ ಒಂದು ಕೇಂದ್ರವು ಬೆಳೆಯಲು ಮೊದಲಾಯಿತು. ಅಂದಿನ ಶಿಬಿರಗಳಲ್ಲಿ ಶಾಲೆಯ ಕೊಠಡಿಯೋ ಛತ್ರವೋ ಶಸ್ತ್ರಶಾಲೆಯಾಗುತ್ತಿತ್ತು; ಸೂಕ್ಷ್ಮದರ್ಶಕವಿರಲಿಲ್ಲ; ಇದ್ದುದು ಹಗಲ ಬೆಳಕು, ದೀಪ, ಪಳಗಿದ ಕೈ. ಇಂಥ ಪರಿಸ್ಥಿತಿಯಲ್ಲಿ ಮಸೂರವನ್ನು ಚೀಲದೊಡನೆ ಒಟ್ಟಾಗಿ ತೆಗೆಯುವ ಕ್ರಮವೇ ಯುಕ್ತವಾದುದು. ಹಿಂದೆ ಉಳಿಯುವುದೇನೂ ಇಲ್ಲವಾದುದರಿಂದ ಮತ್ತೆ ಪೊರೆ ಕಟ್ಟುವ ಭಯವಿಲ್ಲ. ರೋಗಿಯನ್ನು ಪುನಃ ಕರೆಸಬೇಕಾಗಿಲ್ಲ. ಕೋಶದ್ವಾರದ ಅಳತೆ ಎಷ್ಟಿರಬೇಕೆಂಬ ಪ್ರಶ್ನೆಯೇ ಅಲ್ಲಿ ಹುಟ್ಟಲಾರದು, ಏಕೆಂದರೆ ಕೋಶವೇ ಇಲ್ಲ.

ಆದರೆ ಇದಕ್ಕೆ ತೆತ್ತ ಬೆಲೆಯನ್ನು ಚರಿತ್ರೆಕಾರರು ಸಾಕಷ್ಟು ಎಣಿಸಿಲ್ಲ. ಮಸೂರವಿಲ್ಲದ ಕಣ್ಣಿಗೆ ಸುಮಾರು ಹತ್ತು ಡಯಾಪ್ಟರು ಶಕ್ತಿಯ ದಪ್ಪ ಕನ್ನಡಕ ಬೇಕು. ಆ ಕನ್ನಡಕದಲ್ಲಿ ಎಲ್ಲವೂ ಕಾಲುಭಾಗಕ್ಕಿಂತ ಹೆಚ್ಚು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಮೆಟ್ಟಿಲು ಇರುವ ಕಡೆ ಇರುವುದಿಲ್ಲ. ಪಕ್ಕದಿಂದ ಬರುವ ವಸ್ತು ಒಂದು ಕ್ಷಣ ಅದೃಶ್ಯವಾಗಿ ಮರುಕ್ಷಣ ಎದುರಿಗೆ ಪ್ರತ್ಯಕ್ಷವಾಗುತ್ತದೆ. ಒಂದೇ ಕಣ್ಣಿಗೆ ಚಿಕಿತ್ಸೆಯಾಗಿದ್ದರೆ ಎರಡು ಕಣ್ಣುಗಳ ಬಿಂಬಗಳು ಒಂದಾಗುವುದೇ ಇಲ್ಲ. ದೋಣಿಯಲ್ಲಿ ನಿಂತು ಬಲೆ ಎಳೆಯುವವನಿಗೂ, ತೆಂಗಿನ ಮರವನ್ನೇರುವವನಿಗೂ ಇಂಥ ದೃಷ್ಟಿಯು ಎಷ್ಟರಮಟ್ಟಿಗೆ ಉಪಯೋಗವೆಂಬುದನ್ನು ವಿವರಿಸಬೇಕಾಗಿಲ್ಲ. ಕನ್ನಡಕವು ಒಡೆದರೆ ಅಥವಾ ಕಳೆದರೆ ಅವನು ಮತ್ತೆ ಕುರುಡನೇ. ಶಿಬಿರದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನು ಕಣ್ಣು ಬಂದವರ ಪಂಕ್ತಿಯಲ್ಲಿಯೇ ಉಳಿದಿರುತ್ತಾನೆ. ಹೀಗೆಂದು ಶಿಬಿರಗಳ ಉಪಕಾರವನ್ನು ನಾವು ಕಡಿಮೆಯೆಣಿಸುವುದಿಲ್ಲ. ಇಲ್ಲದಿದ್ದರೆ ಆ ಜನರು ಕತ್ತಲೆಯಲ್ಲಿಯೇ ಸಾಯಬೇಕಾಗಿತ್ತು.

ಕೋಶವನ್ನು ಶತ್ರುವಿನ ಸ್ಥಾನದಿಂದ ಮನೆಯ ಸ್ಥಾನಕ್ಕೆ ತಂದವನು ಹೆರಾಲ್ಡ್ ರಿಡ್ಲಿ. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವನು ಒಂದು ಕಣ್ಣಿನಲ್ಲಿ ಪ್ಲಾಸ್ಟಿಕ್ ಮಸೂರವನ್ನಿರಿಸಿದನು. ಯುದ್ಧವಿಮಾನಗಳ ಗಾಜುಮಾಡದ ಚೂರುಗಳು ಸಿಡಿದು ವೈಮಾನಿಕರ ಕಣ್ಣಿನೊಳಗೆ ಸೇರಿದರೂ ಕಣ್ಣು ಅವನ್ನು ಸಹಿಸಿಕೊಂಡುದನ್ನು ಅವನು ಗಮನಿಸಿದ್ದನೆಂಬ ಸಂಗತಿ ಸುಪರಿಚಿತವಾದುದು. ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೆ: ಆ ಮಸೂರವು ಕೂರಲು ಹಿಂಗೋಶವು ಉಳಿಯಲೇಬೇಕಾಗಿತ್ತು. ಜಗತ್ತೆಲ್ಲ ಚೀಲವನ್ನು ಕಿತ್ತೆಸೆಯುತ್ತಿದ್ದಾಗ ರಿಡ್ಲಿಯು ಅದನ್ನು ಉಳಿಸಿದನು. ಅವನಿಗೆ ವಿರೋಧವೂ ಬಹಳ ಬಂದಿತು, ಸೋಲೂ ಬಂದಿತು. ಮುಂಗೋಶದ ದ್ವಾರಕ್ಕೆ ಒಂದು ರೂಪವಿಲ್ಲದುದರಿಂದ ಹಿಡಿತ ಸಾಲದೆ ಕೆಲವು ಮಸೂರಗಳು ಜಾರಿದವು. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಶ್ರವಣಾತೀತ ಕಂಪನದಿಂದ ತಿರುಳನ್ನು ಪುಡಿಮಾಡಿ ಹೀರುವ ಯಂತ್ರವನ್ನು ರೂಪಿಸಿದ ಮೇಲೂ, 1977ರಲ್ಲಿ ಶಿಯರಿಂಗ್ ಎಂಬವನು ಬಾಗುಕಾಲುಗಳ ಮಸೂರವನ್ನು ವರ್ಣಪಟಲದ ಹಿಂದೆ ನಿಲ್ಲಿಸಿದ ಮೇಲೂ, ದ್ವಾರವನ್ನು ಮಾಡುತ್ತಿದ್ದುದು ಡಬ್ಬಿಯ ಮುಚ್ಚಳವನ್ನು ಸುತ್ತಲೂ ಚುಚ್ಚಿ ತೆಗೆಯುವ ರೀತಿಯಲ್ಲಿಯೇ. ಸೂಜಿಯಿಂದ ಹತ್ತಾರು ಕಡೆ ಚುಚ್ಚಿ, ಚುಚ್ಚುಗಳನ್ನು ಒಂದಕ್ಕೊಂದು ಕೂಡಿಸಿ ನಡುಭಾಗವನ್ನು ತೆಗೆಯುತ್ತಿದ್ದರು. ಹೀಗೆ ಮಾಡಿದ ಅಂಚು ಗರಗಸದಂತಿರುತ್ತದೆ. ಚುಚ್ಚಿದ ಒಂದೊಂದು ಬಿಂದುವೂ ಮುಂದಿನ ಹರಿತಕ್ಕೆ ಆರಂಭ. ಹರಿದ ಕಡೆಯಿಂದ ಮಸೂರದ ಒಂದು ಕಾಲು ಚೀಲದಿಂದ ಹೊರಬಂದು, ಇನ್ನೊಂದು ಒಳಗೇ ಉಳಿದು, ಮಸೂರವು ವರ್ಷಗಳು ಕಳೆದಂತೆ ಓರೆಯಾಗುತ್ತಿತ್ತು. ಮರಣಾನಂತರ ದೊರೆತ ಕಣ್ಣುಗಳನ್ನು ಅಮೆರಿಕೆಯ ಡೇವಿಡ್ ಆ್ಯಪಲ್ ಮತ್ತು ಅವನ ಸಂಗಡಿಗರು ಪರೀಕ್ಷಿಸಿದಾಗ ಈ ಸಂಗತಿ ಸ್ಪಷ್ಟವಾಯಿತು.

ಪರಿಹಾರವು 1980ರ ದಶಕದ ನಡುವಿನಲ್ಲಿ ದೊರೆಯಿತು. ಮ್ಯೂನಿಕ್ಕಿನ ಥಾಮಸ್ ನಾಯ್‌ಹಾನ್ ಮತ್ತು ಕೆನಡಾದ ಹವರ್ಡ್ ಗಿಂಬೆಲ್ ಎಂಬವರು ಪ್ರತ್ಯೇಕವಾಗಿಯೇ ಒಂದು ಕ್ರಮವನ್ನು ಕಂಡುಕೊಂಡರು. 1990ರಲ್ಲಿ ಇಬ್ಬರೂ ಕೂಡಿ ಅದನ್ನು ವಿವರಿಸಿ ಲೇಖನವನ್ನು ಬರೆದರು. ಕೋಶವನ್ನು ಕತ್ತರಿಸುವುದಿಲ್ಲ, ನಡುವೆ ಒಂದು ಸಣ್ಣ ಗೀರನ್ನು ಮಾಡಿ, ಎದ್ದ ತುದಿಯನ್ನು ಚಿಮಟದಿಂದ ಹಿಡಿದು, ಹರಿತವು ತಾನೇ ಸುತ್ತಿ ಬಂದು ಮೊದಲಿನ ಸ್ಥಳವನ್ನು ಸೇರುವಂತೆ ಎಳೆಯುತ್ತಾರೆ. ಇದಕ್ಕೆ ಕ್ಯಾಪ್ಸುಲೊರೆಕ್ಸಿಸ್ ಎಂದು ಹೆಸರು. ಗ್ರೀಕಿನಲ್ಲಿ ರೆಕ್ಸಿಸ್ ಎಂದರೆ ಹರಿಯುವುದು. ಇದರ ತತ್ತ್ವವನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು: ಅಂಚು ಗಟ್ಟಿಯಾಗಿರುವ ಬಟ್ಟೆಯು ಎಳೆದರೂ ಹರಿಯದು, ಅಂಚಿನಲ್ಲಿ ಒಂದು ಕಚ್ಚು ಬಿದ್ದರೆ ಅಲ್ಲಿಂದ ಸರ್ರನೆ ಸೀಳುತ್ತದೆ. ಕಚ್ಚಿಲ್ಲದ ದುಂಡು ಅಂಚು ಸುಮಾರು ಒಂದೂವರೆ ಪಟ್ಟು ಹಿಗ್ಗಿದರೂ ತಡೆದುಕೊಳ್ಳುತ್ತದೆ. ಈ ಕೆಲಸ ನಡೆಯುವಾಗ ಕಣ್ಣಿನ ಮುಂಗೋಣೆಯು ಕುಸಿಯದಂತೆ ತುಂಬಿಡುವ ಹಯಲೂರೊನಿಕ್ ಲೋಳೆಯು ಅಷ್ಟು ಹೊತ್ತಿಗೆ ಬಳಕೆಗೆ ಬಂದಿತ್ತು. ಅದಿಲ್ಲದಿದ್ದರೆ ಈ ಕ್ರಮವು ಹರಡುತ್ತಿತ್ತೆಂದು ನಮಗೆ ತೋರುವುದಿಲ್ಲ.

ದ್ವಾರಕ್ಕೆ ಒಂದು ರೂಪ ಬಂದಮೇಲೆಯೇ ಅದಕ್ಕೆ ಒಂದು ಅಳತೆ ಬಂದಿತು. ಚಿಂದಿಗೆ ವ್ಯಾಸವಿಲ್ಲವಷ್ಟೆ. ಕೃತಕ ಮಸೂರದ ಅಡ್ಡಳತೆ ಸಾಮಾನ್ಯವಾಗಿ 6 ಮಿಲಿಮೀಟರು. ದ್ವಾರವು 5 ಮಿಲಿಮೀಟರಿದ್ದು ನಡುವಿನಲ್ಲಿದ್ದರೆ ಮುಂಗೋಶದ ಅಂಚು ಮಸೂರದ ಮೇಲೆ ಸುತ್ತಲೂ ಅರ್ಧ ಮಿಲಿಮೀಟರು ಕವಿದುಕೊಳ್ಳುತ್ತದೆ. ಕೋಶವು ಕ್ರಮೇಣ ಬಿಗಿದು, ಮಸೂರವನ್ನು ಹಿಂಗೋಶಕ್ಕೆ ಒತ್ತಿ ಹಿಡಿಯುತ್ತದೆ. ಉಳಿದ ಜೀವಕಣಗಳಿಗೆ ಹಿಂಗೋಶದ ನಡುವಿಗೆ ಹರಿದುಬರಲು ದಾರಿ ಸಿಕ್ಕುವುದಿಲ್ಲ. ದ್ವಾರವು ಮಸೂರಕ್ಕಿಂತ ದೊಡ್ಡದಾದರೆ ಮುಂಗೋಶದ ಅಂಚು ಮಸೂರದ ಹೊರಗೆ ಬಿದ್ದು ಹಿಂಗೋಶಕ್ಕೇ ಅಂಟಿಕೊಳ್ಳುತ್ತದೆ. ಹಿಂಗೋಶವು ಸುಕ್ಕುಗಟ್ಟುತ್ತದೆ, ಕಣಗಳು ಒಳಗೆ ನುಗ್ಗುತ್ತವೆ, ದೃಷ್ಟಿ ಮತ್ತೆ ಮಸುಕಾಗುತ್ತದೆ. ಇದನ್ನು ಪ್ರಯೋಗದಿಂದ ಪರೀಕ್ಷಿಸಿದವರು ಹಾಲಿಕ್, ಸ್ಪಾಲ್ಟನ್ ಮತ್ತು ಮೀಕಾಕ್ ಎಂಬವರು. ಎಪ್ಪತ್ತೈದು ಮಂದಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿ, ಒಂದಕ್ಕೆ 4.5ರಿಂದ 5 ಮಿಲಿಮೀಟರಿನ ಸಣ್ಣ ದ್ವಾರವನ್ನೂ, ಇನ್ನೊಂದಕ್ಕೆ 6ರಿಂದ 7 ಮಿಲಿಮೀಟರಿನ ದೊಡ್ಡ ದ್ವಾರವನ್ನೂ ಮಾಡಿದರು. ಒಂದು ವರ್ಷದ ತರುವಾಯ ದೊಡ್ಡ ದ್ವಾರದ ಕಣ್ಣುಗಳಲ್ಲಿ ಸುಕ್ಕೂ ಮಬ್ಬೂ ಹೆಚ್ಚಾಗಿದ್ದು, ದೃಷ್ಟಿಯೂ ಹಿಂದುಳಿದಿತ್ತು. ಫಲಿತಾಂಶ ಪ್ರಕಟವಾದುದು 1999ರಲ್ಲಿ, ಸೇಂಟ್ ಥಾಮಸ್ ಆಸ್ಪತ್ರೆಯಿಂದಲೇ. ರಿಡ್ಲಿಯ ಮೊದಲ ಶಸ್ತ್ರಕ್ರಿಯೆಗೆ ಸರಿಯಾಗಿ ಐವತ್ತು ವರ್ಷಗಳ ಮೇಲೆ.

ಹಾಗಾದರೆ ಚಿಕ್ಕದಾದಷ್ಟೂ ಒಳ್ಳೆಯದೇ? ಅಲ್ಲ. 1993ರಲ್ಲಿ ಡೇವಿಸನ್ ಎಂಬವನು ಕೋಶಸಂಕೋಚವೆಂಬ ಕೇಡನ್ನು ವರ್ಣಿಸಿದನು. ದ್ವಾರವು ತೀರ ಸಣ್ಣದಾದರೆ ಅಂಚಿನ ಕಣಗಳು ನಾರಾಗಿ ಮಾರ್ಪಟ್ಟು, ನೂಲು ಪೋಣಿಸಿ ಬಿಗಿದ ಸಂಚಿಯ ಬಾಯಿಯಂತೆ ದ್ವಾರವನ್ನು ಮುಚ್ಚುತ್ತ ಬರುತ್ತವೆ. ತಂತುಗಳು ದುರ್ಬಲವಾಗಿರುವ ಕಣ್ಣುಗಳಲ್ಲಿ ಈ ಎಳೆತದಿಂದ ಮಸೂರವೇ ಪಕ್ಕಕ್ಕೆ ಸರಿಯಬಹುದು. ಅಲ್ಲದೆ ಸಣ್ಣ ದ್ವಾರದ ಮೂಲಕ ರೆಟಿನದ ಅಂಚುಗಳನ್ನು ಪರೀಕ್ಷಿಸುವುದೂ ಕಷ್ಟ. ಮಧುಮೇಹಿಗಳ ವಿಷಯದಲ್ಲಿ ಇದು ಸಾಮಾನ್ಯ ತೊಡಕಲ್ಲ. ಈ ಎರಡು ಕೇಡುಗಳ ನಡುವೆ 5ರಿಂದ 5.5 ಮಿಲಿಮೀಟರು ಎಂಬ ಅಳತೆಯು ನೆಲೆಗೊಂಡಿತು. ಇದು ಪ್ರಕೃತಿಯು ಕೊಟ್ಟ ಸಂಖ್ಯೆಯಲ್ಲ. 6 ಮಿಲಿಮೀಟರಿನ ಮಸೂರವು ಕೊಟ್ಟ ಸಂಖ್ಯೆ. ದ್ವಾರದ ಅಳತೆಗೆ ತನ್ನಷ್ಟಕ್ಕೆ ಅರ್ಥವಿಲ್ಲ, ಒಳಗೆ ಇಡುವ ವಸ್ತುವಿನೊಡನೆಯೂ ಹೊರಗೆ ಬರಬೇಕಾದ ವಸ್ತುವಿನೊಡನೆಯೂ ಇರುವ ಸಂಬಂಧದಿಂದಲೇ ಅದಕ್ಕೆ ಅರ್ಥ ಎಂಬುದು ನಮ್ಮ ಅಭಿಪ್ರಾಯ.

ಹೊರಗೆ ಬರಬೇಕಾದ ವಸ್ತುವಿನ ಮಾತನ್ನು ಪಾಶ್ಚಾತ್ಯ ಲೇಖಕರು ಬಹುಮಟ್ಟಿಗೆ ಮರೆತಿದ್ದಾರೆ. ಅವರಲ್ಲಿ ತಿರುಳನ್ನು ಕೋಶದೊಳಗೇ ಪುಡಿಮಾಡುವುದರಿಂದ ಅವರಿಗೆ ಅದು ಬೇಕಾಗಿಲ್ಲ. ನಮ್ಮಲ್ಲಿಯ ಸ್ಥಿತಿ ಬೇರೆ. ಬಹುಕಾಲ ತಡೆದು ಬಂದ ರೋಗಿಯ ಪೊರೆಯು ಕಂದುಬಣ್ಣಕ್ಕೆ ತಿರುಗಿ ಕಲ್ಲಿನಂತಾಗಿರುತ್ತದೆ. ಇಂಥ ತಿರುಳನ್ನು ಹೊಲಿಗೆಯಿಲ್ಲದ ಸಣ್ಣ ಗಾಯದ ಮೂಲಕ ಇಡಿಯಾಗಿ ಹೊರತೆಗೆಯುವ ಕ್ರಮವೇ ಭಾರತದಲ್ಲಿಯೂ ನೇಪಾಳದಲ್ಲಿಯೂ ಬಡವರ ಪಾಲಿಗೆ ಒದಗಿದೆ. ಯಂತ್ರದ ಕ್ರಮಕ್ಕೆ ಇದು ಬಹಳ ಹಿಂದುಳಿದುದೆಂದು ತಿಳಿಯಬಾರದು: ನೇಪಾಳದ ಸಂದುಕ್ ರುಯಿತ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರು ತಿಂಗಳ ಮೇಲೆ ತಕ್ಕ ಕನ್ನಡಕವನ್ನಿಟ್ಟಾಗ ಒಳ್ಳೆಯ ದೃಷ್ಟಿಯಿದ್ದವರ ಪ್ರಮಾಣ ಎರಡು ಪಂಗಡಗಳಲ್ಲಿಯೂ ಶೇಕಡ 98. ಆದರೆ ಕೋಶದ್ವಾರದ ಲೆಕ್ಕವು ಇಲ್ಲಿ ತಲೆಕೆಳಗಾಗುತ್ತದೆ. ಎಂಟು ಮಿಲಿಮೀಟರು ಅಗಲದ ತಿರುಳಿನ ಸುತ್ತಳತೆ 25 ಮಿಲಿಮೀಟರು. ಐದು ಮಿಲಿಮೀಟರಿನ ದ್ವಾರದ ಸುತ್ತಳತೆ 15.7. ತಿರುಳು ಹೊರಬರಬೇಕಾದರೆ ಅಂಚು 1.6 ಪಟ್ಟು ಹಿಗ್ಗಬೇಕು, ಅಂದರೆ ತನ್ನ ಮಿತಿಯನ್ನು ಮುಟ್ಟಬೇಕು ಅಥವಾ ಮೀರಬೇಕು. ಅಂಚು ಹಿಗ್ಗದಿದ್ದರೆ ಹರಿಯುತ್ತದೆ, ಇಲ್ಲವೆ ತಂತುಗಳು ಕಿತ್ತು ಚೀಲವೇ ತಿರುಳಿನೊಡನೆ ಬರುತ್ತದೆ. ಆರು ಮಿಲಿಮೀಟರಿನ ದ್ವಾರಕ್ಕೆ 1.33 ಪಟ್ಟು ಹಿಗ್ಗಿದರೆ ಸಾಕು. ಆದುದರಿಂದ ಇಲ್ಲಿಯ ವೈದ್ಯನು ಆರು, ಆರೂವರೆ ಮಿಲಿಮೀಟರಿನ ದ್ವಾರವನ್ನು ತಿಳಿದೂ ತಿಳಿದೂ ಮಾಡುತ್ತಾನೆ. ಮಸೂರದ ಮೇಲಿನ ಹೊದಿಕೆ ತಪ್ಪುವುದೆಂಬುದು ಅವನಿಗೆ ಗೊತ್ತು. ಇಂದಿನ ಅಪಾಯವನ್ನು ತಪ್ಪಿಸುವುದಕ್ಕಾಗಿ ನಾಳೆಯ ಮಬ್ಬನ್ನು ಒಪ್ಪಿಕೊಳ್ಳುವುದು ತಪ್ಪಲ್ಲ. ಮತ್ತೆ ಮಬ್ಬಾದರೆ ಹಿಂಗೋಶದಲ್ಲಿ ಸಣ್ಣ ಕಿಂಡಿಯನ್ನು ಮಾಡುವ ಯಾಗ್ ಲೇಸರ್ ಯಂತ್ರವು 1980ರ ದಶಕದಿಂದ ಬಳಕೆಯಲ್ಲಿದೆ. ಕಾಪುವಿನವರಿಗೆ ಉಡುಪಿ ಮಣಿಪಾಲಗಳು ಬಸ್ಸಿನ ದಾರಿಯಲ್ಲಿಯೇ ಇವೆ. ಘಟ್ಟದ ಮೇಲಿನ ಒಂಟಿ ಹಳ್ಳಿಯ ವೃದ್ಧೆಗೆ, ‘ಆಪರೇಶನ್ ಆದ ಕಣ್ಣೂ ಹೋಯಿತು’ ಎಂದು ಸುಮ್ಮನಿರುವವಳಿಗೆ, ಆ ದಾರಿ ಸುಲಭವಲ್ಲ. ಒಂದು ಮಿಲಿಮೀಟರಿನ ವ್ಯತ್ಯಾಸವು ಯಾರ ಕಣ್ಣಿನಲ್ಲಿ ಎಷ್ಟು ಭಾರವಾಗುವುದೆಂಬುದು ಹೀಗೆ ರಸ್ತೆಯನ್ನೂ ಅವಲಂಬಿಸಿದೆ.

ಇನ್ನೆರಡು ಸಂಗತಿಗಳು ನಮ್ಮ ನಾಡಿನ ವೈದ್ಯರಿಗೆ ಅನುಕೂಲವಾಗಿ ಬಂದವು. 1992ರಲ್ಲಿ ಮದುರೆಯ ಅರವಿಂದ ಸಂಸ್ಥೆಯವರು ಆರಂಭಿಸಿದ ಅರೋಲ್ಯಾಬ್ ಅಗ್ಗದ ಬೆಲೆಗೆ ಮಸೂರಗಳನ್ನು ಒದಗಿಸಿತು. ಇದರಿಂದಲೇ ದಪ್ಪ ಕನ್ನಡಕದ ಯುಗವು ಬೇಗ ಮುಗಿಯಿತು. 1999ರಲ್ಲಿ ನೆದರ್ಲೆಂಡ್ಸಿನ ಮೆಲ್ಲೆಸ್ ಎಂಬವನು ಕೋಶಕ್ಕೆ ನೀಲಿಬಣ್ಣವನ್ನೇರಿಸುವ ಉಪಾಯವನ್ನು ಪ್ರಕಟಿಸಿದನು. ಹಾಲಿನಂತೆ ಬೆಳ್ಳಗಾದ ಪೊರೆಯಲ್ಲಿ ಪಾರದರ್ಶಕವಾದ ಕೋಶದ ಅಂಚನ್ನು ಕಾಣುವುದು ಮಂಜಿನಲ್ಲಿ ಮಂಜನ್ನೇ ಹುಡುಕಿದಂತೆ. ಬಣ್ಣವಿಟ್ಟ ಮೇಲೆ ಹರಿತವು ಎತ್ತ ಸಾಗುತ್ತಿದೆಯೆಂಬುದು ತೋರುತ್ತದೆ.

ಅಂಚು ಕಂಡರೂ ಅಳತೆಯನ್ನು ಕಣ್ಣಂದಾಜಿನಿಂದಲೇ ಹಿಡಿಯಬೇಕು, ಮತ್ತು ಈ ಅಂದಾಜಿಗೆ ಒಂದು ಮೋಸವಿದೆ. ಕಾರ್ನಿಯಾ ತಾನೇ ಒಂದು ಭೂತಗಾಜು. ಅದರ ಮೂಲಕ ನೋಡಿದಾಗ ದ್ವಾರವು ಶೇಕಡ 15ರಷ್ಟು ದೊಡ್ಡದಾಗಿ ಕಾಣುತ್ತದೆ. ಐದು ಮಿಲಿಮೀಟರಿನದು ಐದೂಮುಕ್ಕಾಲಿನಂತೆ ತೋರುತ್ತದೆ. ಇದನ್ನರಿತೇ ಕೆಲವರು ಆರು ಮಿಲಿಮೀಟರಿನ ಉಂಗುರವನ್ನು ಕಾರ್ನಿಯಾದ ಮೇಲೆ ಒತ್ತಿ, ಆ ಗುರುತಿನೊಳಗೇ ಹರಿತವನ್ನು ನಡೆಸುತ್ತಾರೆ. 2008ರಲ್ಲಿ ಬುಡಾಪೆಸ್ಟಿನ ನಾಜ್ ಎಂಬವನು ಈ ಕೆಲಸವನ್ನು ಲೇಸರಿಗೇ ವಹಿಸಿದನು. ಯಂತ್ರವು ಬೇಕಾದ ವ್ಯಾಸದ ವೃತ್ತವನ್ನು ಕೈಗಿಂತ ನಿಷ್ಕೃಷ್ಟವಾಗಿ ಕೊರೆಯುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯರು. ಆದರೆ 2020ರಲ್ಲಿ ಫ್ರಾನ್ಸಿನ ಐದು ಆಸ್ಪತ್ರೆಗಳ ದೊಡ್ಡ ಪರೀಕ್ಷೆಯು ಪ್ರಕಟವಾದಾಗ, ಲೇಸರಿನ ಫಲವು ಕೈಯ ಫಲಕ್ಕಿಂತ ಮೇಲಾಗಿ ಕಾಣಲಿಲ್ಲ. ಅದೇ ವರ್ಷದ ಇಂಗ್ಲೆಂಡಿನ ಪರೀಕ್ಷೆಯೂ ಎರಡನ್ನೂ ಸರಿಸಮವೆಂದೇ ಹೇಳಿತು. ಲೇಸರಿನ ಸಿಡಿತಗಳು ಒಂದರ ಪಕ್ಕ ಒಂದಾಗಿ ಬೀಳುವುದರಿಂದ ಅದರ ಅಂಚು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಂಚೆಚೀಟಿಯ ಅಂಚಿನಂತಿರುತ್ತದೆ. ಕೈಯಿಂದ ಹರಿದ ಅಂಚು ನುಣುಪಾಗಿರುತ್ತದೆ.